ಮೇಷ್ಟ್ರ ಮೈನಸ್ಸು

ಅವರ ಬಲಗೈಯ ಕಿರುಬೆರಳಿನ ಹೊರಮಗ್ಗುಲು ಯಾವಾಗಲೂ ಬೆಳ್ಳಗಿರುತ್ತಿತ್ತು. ಸ್ನಾನ ಮಾಡಿ ಬಂದರೂ ಬಿಳಿ, ಊಟ ಮಾಡಿ ಕೈ ತೊಳೆದರೂ ಬಿಳಿ. ಉಗುರಿನ ಸಂದಿಯಲ್ಲಿ, ಗೆಣ್ಣಿನ ಗೆರೆಗಳಲ್ಲಿ ಸೀಮೆಸುಣ್ಣ ಬೀಡುಬಿಟ್ಟಿತ್ತು. ಬೋರ್ಡಿನ ಮೇಲೆ ಏನಾದರೂ ತಪ್ಪಾದರೆ ಅವರು ಡಸ್ಟರ್ ಹುಡುಕುತ್ತಿರಲಿಲ್ಲ. ಆ ಕಿರುಬೆರಳನ್ನು ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವ ಹಾಗೆ ಮೆಲ್ಲಗೆ ತಂದು, ತಪ್ಪಿದ ಒಂದೇ ಒಂದು ಚಿಹ್ನೆಯನ್ನು ಒರೆಸಿ, ಅದೇ ಜಾಗದಲ್ಲಿ ಸರಿಯಾದದ್ದನ್ನು ಕೂರಿಸುತ್ತಿದ್ದರು. ಗಾಬರಿಯಾಗಿ ಡಸ್ಟರ್ ಎತ್ತಿಕೊಂಡ ಮಕ್ಕಳಿಗೆ ಹೇಳುತ್ತಿದ್ದ ಮಾತು ಒಂದೇ: "ಇಡೀ ಬೋರ್ಡ್ ಒರಸಬ್ಯಾಡ್ರಿ. ತಪ್ಪಿದ್ದಷ್ಟ ಒರಸ್ರಿ."

ನಾನು ಅವರನ್ನು ಕರೆದದ್ದು ಮೇಷ್ಟ್ರೇ ಅಂತ. ನನ್ನ ಫೋನಿಗೆ ಈ ಪದ ಒಗ್ಗಿಲ್ಲ. 'ಮೇಷ್ಟ್ರು' ಅಂತ ಒತ್ತಿದರೆ 'ಮೇಸ್ತ್ರಿ' ಅಂತ ತಾನೇ ತಿದ್ದುತ್ತದೆ. ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಬಗ್ಗೆಯೂ ಬರೆಯಬಹುದು, ಮೂರನೇ ಮಹಡಿ ಇವತ್ತಿಗೂ ಸೋರುತ್ತದೆ, ಆದರೆ ಅವನಿಗೆ ನಾನು ಯಾವ ಅನ್ಯಾಯವನ್ನೂ ಮಾಡಿಲ್ಲ. ಮಾಡಿದ್ದು ಮೇಷ್ಟ್ರಿಗೆ. ಅದಕ್ಕೇ ಈ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು, ಮೊಮ್ಮಗಳ ಹತ್ತಿರ ಒತ್ತಕ್ಷರ ಹೇಳಿಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ.

ಅಬ್ಬಿಗೆರೆಯಲ್ಲಿ ನಮ್ಮ ರಾಗಿ ಹೊಲ ಇದ್ದ ಜಾಗದಲ್ಲೇ ಈಗ ನಮ್ಮ ಮನೆ ಇದೆ. ನೆಲಮಹಡಿಯಲ್ಲಿ ನಾವು, ಮೇಲೆಲ್ಲಾ ಬಾಡಿಗೆಯವರು. ಮೇಷ್ಟ್ರು ಬಂದದ್ದು ಎರಡನೇ ಮಹಡಿಗೆ. ಗದಗದ ಕಡೆಯವರು. ಮೂವತ್ತಕ್ಕೂ ಹೆಚ್ಚು ವರ್ಷ ಯಶವಂತಪುರದ ಹತ್ತಿರದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಹೇಳಿ ನಿವೃತ್ತಿಯಾಗಿದ್ದರು. ಮದುವೆಯಾಗಿರಲಿಲ್ಲ. ಸಾಮಾನು ಇಳಿಸಿದ ದಿನ ಲಾರಿಯಲ್ಲಿ ಮಂಚಕ್ಕಿಂತ ದೊಡ್ಡದಾದ ಕರಿ ಬೋರ್ಡು ಒಂದಿತ್ತು. ಮೆಟ್ಟಿಲಲ್ಲಿ ಅದು ತಿರುಗಲಿಲ್ಲ. ಹಗ್ಗ ಕಟ್ಟಿ ಹೊರಗಿನಿಂದಲೇ ಎಳೆದು ತಾರಸಿಗೆ ಹಾಕಿದರು. ಅಲ್ಲಿ ತಗಡಿನ ಚಪ್ಪರದ ಕೆಳಗೆ ಸಂಜೆ ಐದಕ್ಕೆ ಟ್ಯೂಷನ್ ಶುರುವಾಯಿತು. ಬಿಎಸ್ಸಿ ಓದುವ ಏಳೆಂಟು ಮಕ್ಕಳು ಬರುತ್ತಿದ್ದರು.

ತಾರಸಿ ಅಂದರೆ ನನ್ನ ರಾಜ್ಯ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲಾ ಒಣಗುವುದು ಅಲ್ಲೇ. ಮೇಷ್ಟ್ರು ಮಧ್ಯಾಹ್ನ ಮೂರಕ್ಕೆ ಬಂದು ಸಂಜೆಯ ಪಾಠವನ್ನು ಬೋರ್ಡ್ ತುಂಬಾ ಬರೆದಿಟ್ಟು, ಕೆಳಗೆ ಹೋಗಿ ಒಂದು ಗಳಿಗೆ ಮಲಗುತ್ತಿದ್ದರು. ನಾನು ನಾಲ್ಕಕ್ಕೆ ಹಪ್ಪಳ ತೆಗೆಯಲು ಹೋದರೆ ಐದಕ್ಕೆ ಮಕ್ಕಳು ಬರುವವರೆಗೂ, ಬಂದ ಮೇಲೂ, ಅಲ್ಲೇ ಕೂತಿರುತ್ತಿದ್ದೆ. ನಾನು ಓದಿದ್ದು ಏಳನೇ ಕ್ಲಾಸು. ಲೆಕ್ಕದಲ್ಲಿ ಮುಂದಿದ್ದೆ. ಮುಂದೆ ಓದಬೇಕಾದರೆ ಯಲಹಂಕಕ್ಕೆ ನಡೆಯಬೇಕು ಅಂತ ನಮ್ಮಪ್ಪ ಬಿಡಿಸಿದರು. ಹಾಗಾಗಿ ಆ ಬೋರ್ಡನ್ನು ನೋಡುತ್ತಾ ಹಪ್ಪಳ ಮಗುಚುವುದು ನನಗೆ ಸಿನಿಮಾಕ್ಕಿಂತ ಹೆಚ್ಚಾಗಿತ್ತು.

ಒಂದು ದಿನ ಮೇಷ್ಟ್ರು ಕೆಳಗೆ ಬಂದು, ನಿಮ್ಮ ಜೋಕಾಲಿ ಅರ್ಧ ತಾಸು ಕೊಡ್ರಿ ಅಂದರು. ನಾವು ಅದನ್ನು ಉಯ್ಯಾಲೆ ಅನ್ನುತ್ತೇವೆ. ಹಳೇ ಮನೆ ಕೆಡವಿದಾಗ ನಾನು ಹಟ ಮಾಡಿ ಉಳಿಸಿಕೊಂಡ ಮರದ ಮಣೆ ಅದು, ನಾಲ್ಕು ಸರಪಳಿಯಲ್ಲಿ ನಮ್ಮ ನಡುಮನೆಯಲ್ಲಿ ತೂಗುತ್ತಿತ್ತು. ಮಕ್ಕಳೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಣೆಯ ಮೇಲೆ ನನ್ನನ್ನೇ ಕೂರಿಸಿ ಮೇಷ್ಟ್ರು ಮೆಲ್ಲಗೆ ತಳ್ಳಿದರು.

"ತುದೀಗೆ ಹೋದಾಗ ಏನ ಮಾಡತೀರಿ ಅಮ್ಮಾರ?"

"ಒಂದ್ ಗಳಿಗೆ ನಿಂತ್ಕೋತೀನಿ. ಆಮೇಲೆ ವಾಪಸ್ ಬತ್ತೀನಿ. ಇನ್ನೇನು, ಅಲ್ಲೇ ಕುಂತು ಕಾಫಿ ಕುಡೀಲಾ?"

ಮಕ್ಕಳು ನಕ್ಕರು. ಮೇಷ್ಟ್ರು ನಗಲಿಲ್ಲ. ಉತ್ತರ ಸರಿ ಐತಿ, ಬರಕೊಳ್ರಿ ಅಂದರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಉಯ್ಯಾಲೆ ಹೇಗೆ ಓಡಾಡುತ್ತದೆ ಅಂತ ಕಂಡುಹಿಡಿಯಲು ಎರಡು ದಾರಿ. ಒಂದು ಬಲದ ದಾರಿ. ಸರಪಳಿ ಎತ್ತ ಎಳೆಯುತ್ತೆ, ಭೂಮಿ ಎತ್ತ ಎಳೆಯುತ್ತೆ ಅಂತ ಬಾಣ ಬರೆದು, ಬಾಣ ಮುರಿದು, ತಲೆ ಕೆಡಿಸಿಕೊಳ್ಳಬೇಕು. ಇನ್ನೊಂದು ಶಕ್ತಿಯ ದಾರಿ. ಶಕ್ತಿಗೆ ಬಾಣ ಇಲ್ಲ. ಉಯ್ಯಾಲೆ ಮೇಲಿದ್ದಾಗ ಎತ್ತರ ಜಾಸ್ತಿ, ವೇಗ ಇಲ್ಲ. ಕೆಳಗೆ ಬಂದಾಗ ವೇಗ ಜಾಸ್ತಿ, ಎತ್ತರ ಇಲ್ಲ. ಒಂದೇ ಕೊಡ ನೀರನ್ನು ಎರಡು ಬಿಂದಿಗೆಗೆ ಹಿಂದೆ ಮುಂದೆ ಸುರಿದ ಹಾಗಾ ಅಂತ ನಾನು ಕೇಳಿದೆ. ಅವರು ಮುಂದಿನ ವಾರ ಬಂದ ಮಕ್ಕಳಿಗೆ ನನ್ನ ಬಿಂದಿಗೆಯನ್ನೇ ಹೇಳಿಕೊಟ್ಟರು. ನನ್ನ ಹೆಸರಿನ ಸಮೇತ. ಅಷ್ಟು ಹಿಗ್ಗು ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಇನ್ನು ಮುಂದಿನದು ಜಾದೂ. ಒಟ್ಟು ಶಕ್ತಿ ಬದಲಾಗುವುದಿಲ್ಲ ಅಂದರೆ ಅದರ ಬದಲಾವಣೆ ಸೊನ್ನೆ. ಅಷ್ಟನ್ನು ಬೋರ್ಡಿನ ಮೇಲೆ ಬರೆದರೆ ಉಳಿದದ್ದು ತಾನೇ ಇಳಿದು ಬರುತ್ತಿತ್ತು. ಎಲ್ಲದರಲ್ಲೂ ವೇಗ ಅಂತ ಒಂದು ಅಕ್ಷರ ಇರುತ್ತಿತ್ತು. ಅದನ್ನು ಹೊಡೆದು ಹಾಕಬೇಕು. ಹೊಡೆಯುವ ಮುಂಚೆ ಪಕ್ಕದಲ್ಲಿ 'ವೇಗ ಸೊನ್ನೆಯಲ್ಲ' ಅಂತ ಬರೆಯದವರಿಗೆ ಮೇಷ್ಟ್ರು ಅರ್ಧ ಅಂಕವಷ್ಟೇ ಕೊಡುತ್ತಿದ್ದರು. ತುದಿಯಲ್ಲಿ ಸೊನ್ನೆ ಆಗುತ್ತಲ್ಲ, ಆವಾಗ ಎಳೆತವೂ ಇಲ್ಲವಾ ಅಂತ ನಾನು ಕೇಳಿದೆ.

"ನಿಂತೈತಿ ಅಂದ್ರ ಎಳೆತ ಇಲ್ಲ ಅಂತ ಅಲ್ಲ ಅಮ್ಮಾರ. ಅಲ್ಲೇ ಎಳೆತ ಜಾಸ್ತಿ."

ಕೊನೆಯ ಸಾಲು ಬಲು ಚಿಕ್ಕದು. ನಡುವಿನಿಂದ ಎಷ್ಟು ದೂರ ಹೋಗಿದ್ದೀಯೋ ಅಷ್ಟು ಎಳೆತ, ಅದರ ಮುಂದೆ ಒಂದು ಮೈನಸ್ಸು. ಆ ಮೈನಸ್ಸನ್ನು ಮೇಷ್ಟ್ರು ಬೇರೆ ಎಲ್ಲಕ್ಕಿಂತ ಉದ್ದಕ್ಕೆ ಎಳೆಯುತ್ತಿದ್ದರು. "ಮೈನಸ್ ಅಂದ್ರ ಕಳೆಯೂದು ಅಂತ ತಿಳಕೋಬ್ಯಾಡ್ರಿ. ಇದು 'ಮನೀಗೆ ಬಾ' ಅಂತ ಕರಿಯೂ ಚಿಹ್ನೆ. ಇದು ಐತಿ ಅಂತ ಜೋಕಾಲಿ ವಾಪಸ್ ಬರತೈತಿ." ಅದೇ ಜಾಗದಲ್ಲಿ ಪ್ಲಸ್ ಇದ್ದರೆ? ದೂರ ಹೋದಷ್ಟೂ ಇನ್ನೂ ದೂರಕ್ಕೆ ತಳ್ಳುತ್ತದೆ. ಹೋಗುತ್ತಾ ಹೋಗುತ್ತಾ ಇರುತ್ತದೆ, ತಿರುಗಿ ಬರುವುದಿಲ್ಲ.

ನನಗೆ ಚೇಷ್ಟೆ ಹುಟ್ಟುಗುಣ. ಮೇಷ್ಟ್ರ ಚಾಕ್‌ಪೀಸಿನ ಡಬ್ಬದಲ್ಲಿ ಒಂದು ದಿನ ಬಾಳಕದ ಮೆಣಸಿನಕಾಯಿ ಬೆರೆಸಿಟ್ಟೆ. ಅವರು ನೋಡದೆ ಕೈ ಹಾಕಿ ತೆಗೆದು, ಬೋರ್ಡಿನ ಮೇಲೆ ಎಳೆದು, ಮುರಿದ ಮೆಣಸಿನಕಾಯಿಯನ್ನು ಹಾಗೇ ಬಾಯಿಗೆ ಹಾಕಿಕೊಂಡು, ಉಪ್ಪು ಮುಂದಾಗೈತಿ ಅಮ್ಮಾರ ಅಂದರು. ಇನ್ನೊಂದು ದಿನ ಅವರು ಮಲಗಿದ್ದಾಗ ಒಂದು ಉತ್ತರದ ಮುಂದೆ ಸೊನ್ನೆ ಸೇರಿಸಿದೆ. ಸಂಜೆ ಬಂದು ಒಂದೇ ನೋಟದಲ್ಲಿ ಹಿಡಿದರು. ಮಕ್ಕಳ ಮುಂದೆಯೇ ನನ್ನ ಕಡೆ ತಿರುಗಿ, "ಈ ಸೊನ್ನಿ ರಂಗೋಲಿ ಹಾಕೂ ಕೈದು" ಅಂದು ಕಿರುಬೆರಳಿನಿಂದ ಒರೆಸಿದರು. ನನ್ನ ಸೊನ್ನೆ ಚುಕ್ಕಿ ಸುತ್ತಿದ ಹಾಗೆ ದುಂಡಗಿರುತ್ತದಂತೆ. ಎಲ್ಲರೂ ಎಷ್ಟು ನಕ್ಕೆವು ಅಂದರೆ ಕೆಳಗಿನಿಂದ ನನ್ನ ಸೊಸೆ ಏನಾಯಿತು ಅಂತ ಕೂಗಿದಳು.

ನಾನು ಸೋತಿದ್ದೆ. ಸೋತ ಮೇಲೆ ಸುಮ್ಮನಿರುವ ಜಾತಿಯಲ್ಲ ನಾನು. ಏನು ಬರೆದರೆ ನನ್ನ ಕೈ ಅಂತ ಗೊತ್ತಾಗುವುದಿಲ್ಲ ಅಂತ ಸಂಡಿಗೆ ಹಿಟ್ಟು ತಿರುವುತ್ತಾ ಯೋಚಿಸಿದೆ. ಅಂಕಿ ಬರೆದರೆ ಸಿಕ್ಕಿಬೀಳುತ್ತೇನೆ. ಅಕ್ಷರ ಬರೆದರೂ ಸಿಕ್ಕಿಬೀಳುತ್ತೇನೆ. ನೆಟ್ಟಗಿನ ಗೆರೆಗೆ ಮಾತ್ರ ಕೈಬರಹ ಇರುವುದಿಲ್ಲ.

ಆ ದಿನ ಬೋರ್ಡಿನ ಮೇಲೆ ಉಯ್ಯಾಲೆಯ ಪಾಠವೇ ಇತ್ತು, ಹೊಸ ಮಕ್ಕಳಿಗೆ. ನಾಲ್ಕು ಗಂಟೆಗೆ ನಾನು ಹಪ್ಪಳ ತೆಗೆಯಲು ಹೋದವಳು ಚಾಕ್‌ಪೀಸ್ ಎತ್ತಿಕೊಂಡು, ಕೊನೆಯ ಸಾಲಿನ ಆ ಉದ್ದನೆಯ ಮೈನಸ್ಸಿನ ಮೇಲೆ, ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದೆ. ಪ್ಲಸ್ಸಾಯಿತು. ಸೆರಗಿನಿಂದ ಕೈ ಒರೆಸಿಕೊಂಡು ಹಪ್ಪಳದ ಮುಂದೆ ಕೂತೆ. ಅವರು ಬರುತ್ತಾರೆ, ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಈ ಸಲ ಯಾರ ಕೈ ಅಂತ ಹೇಳಲಾಗದೆ ನನ್ನ ಕಡೆ ನೋಡುತ್ತಾರೆ ಅಂತ ಮನಸ್ಸಿನಲ್ಲೇ ಆಡಿಸಿ ನೋಡಿ ನಗುತ್ತಿದ್ದೆ.

ಅವರು ಬಂದರು. ನೋಡಲಿಲ್ಲ. ಬೋರ್ಡಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಪಾಠ ಶುರು ಮಾಡಿದರು. ಅದು ಅವರ ಅಭ್ಯಾಸ. ಬರೆದದ್ದೆಲ್ಲ ತಲೆಯಲ್ಲೇ ಇರುತ್ತಿತ್ತು, ತಿರುಗಿ ನೋಡಬೇಕಾಗಿರಲಿಲ್ಲ. ಎಲ್ಲಾ ವಿವರಿಸಿ, ಗೊರಗುಂಟೆಪಾಳ್ಯದಿಂದ ಬರುತ್ತಿದ್ದ ಒಬ್ಬಳು ಚುರುಕು ಹುಡುಗಿಗೆ, ಕೊನೇ ಸಾಲಿನಿಂದ ಮುಂದ ನೀ ಬಿಡಿಸವಾ ಅಂದರು. ಅವಳು ನೋಟ್‌ಬುಕ್ಕಿನಲ್ಲಿ ಬಿಡಿಸಿದಳು. ಮೊದಲು ಒಂದು ಸಲ, ಆಮೇಲೆ ಇನ್ನೊಂದು ಸಲ.

"ಸರ್, ಸೈನೂ ಬರ್ತಿಲ್ಲ, ಕೊಸೈನೂ ಬರ್ತಿಲ್ಲ. ದೂರ ಬೆಳೀತಾನೇ ಇದೆ. ಉಯ್ಯಾಲೆ ಅಟ್ಟೂರು ದಾಟಿ ಹೋಗ್ಬಿಟ್ಟಿದೆ ಸರ್."

ಮಕ್ಕಳು ಹೋ ಅಂತ ನಕ್ಕರು. ನಾನೂ ನಕ್ಕೆ. ಅದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನಾನೂ ನಕ್ಕೆ.

ಮೇಷ್ಟ್ರು ಎದ್ದು ತಿರುಗಿದರು. ಆ ಸಾಲನ್ನು ನೋಡಿದರು. ನಾನು ಕಾಯುತ್ತಿದ್ದ ಹಾಗೆ ನನ್ನ ಕಡೆ ನೋಡಲಿಲ್ಲ, ತಮ್ಮ ಕೈ ನೋಡಿಕೊಂಡರು. "ಇದನ್ನ ನಾನ ಬರದೆ?" ಅಂದರು. ಯಾರನ್ನೂ ಕೇಳಿದ್ದಲ್ಲ. ಕಿರುಬೆರಳಿನಿಂದ ಆ ನಿಂತ ಗೆರೆಯನ್ನು ಒರೆಸಿದರು. ಪಾಠ ಮುಂದುವರಿಯಿತು. ಮಕ್ಕಳ ಪಾಲಿಗೆ ಅಲ್ಲಿಗೆ ಮುಗಿದು ಹೋಯಿತು.

ಮರುದಿನ ಮೂರು ಗಂಟೆಗೆ ನಾನು ಸಂಡಿಗೆ ಮಗುಚುತ್ತಿದ್ದಾಗ ಅವರು ಎಡಗೈಯಲ್ಲಿ ಚೀಟಿ ಹಿಡಿದು ಬರೆಯುತ್ತಿದ್ದರು. ಒಂದು ಸಾಲು ಬರೆಯುವುದು, ಚೀಟಿ ನೋಡುವುದು, ಮತ್ತೆ ಬೋರ್ಡ್ ನೋಡುವುದು. ಮೂವತ್ತು ವರ್ಷ ಚೀಟಿ ಇಲ್ಲದೆ ಬರೆದ ಮನುಷ್ಯ. ಸಾಯಂಕಾಲ ಹೇಳಿಬಿಡೋಣ ಅಂದುಕೊಂಡೆ. ಸಾಯಂಕಾಲ ಮಕ್ಕಳಿದ್ದರು.

ಅದರ ಮಾರನೆಯ ದಿನ ಅವರೇ ಕೆಳಗೆ ಬಂದು ಉಯ್ಯಾಲೆಯ ಮೇಲೆ ಕೂತರು. ತೂಗಿಕೊಳ್ಳಲಿಲ್ಲ, ಕಾಲೂರಿ ಕೂತಿದ್ದರು. ತಮ್ಮ ಅಣ್ಣನ ವಿಷಯ ಹೇಳಿದರು. ಅವರೂ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಮೊದಲು ಚಿಹ್ನೆಗಳು ತಪ್ಪತೊಡಗಿದವಂತೆ. ಪ್ಲಸ್ ಹೋಗಿ ಮೈನಸ್, ಮೈನಸ್ ಹೋಗಿ ಪ್ಲಸ್. ಆಮೇಲೆ ಮನೆಯ ದಾರಿ ತಪ್ಪಿತು. ಕೊನೆಗೆ ಹೆಂಡತಿಯನ್ನೇ ಯಾರು ಅಂತ ಕೇಳಿದರಂತೆ.

"ನನಗೂ ಶುರು ಆತು ಅನಸ್ತೈತ್ರಿ ಅಮ್ಮಾರ. ಮಕ್ಕಳಿಗೆ ತಪ್ಪು ಹೇಳಿಕೊಡೂಕಿಂತ ಮೊದಲ ನಿಲ್ಲಸೂದು ಚಲೋ."

ನಾನು ಅವರ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ. ಈಗ ಹೇಳಬೇಕು ಅಂತ ಗೊತ್ತಿತ್ತು. ಮೇಷ್ಟ್ರೇ, ಒಂದ್ ಮಾತು ಅಂದೆ. ಅವರು ಹೇಳ್ರಿ ಅಂತ ತಲೆ ಎತ್ತಿದರು. ಆ ಮುಖದಲ್ಲಿ ಅಷ್ಟೊಂದು ಭರವಸೆ ಇತ್ತು, ಬಿಂದಿಗೆ ಹೇಳಿದವಳು ಈಗ ಇನ್ನೇನೋ ಒಳ್ಳೆಯದು ಹೇಳುತ್ತಾಳೆ ಅನ್ನುವ ಹಾಗೆ. ನನಗೆ ಆ ಜಾಗ ಕಳೆದುಕೊಳ್ಳುವ ಭಯವಾಯಿತು. ನೋಟ್‌ಬುಕ್ ಇಲ್ಲದ ವಿದ್ಯಾರ್ಥಿನಿ ಅಂತ ಅವರು ನನ್ನನ್ನು ಎಲ್ಲರಿಗೂ ಹೇಳುತ್ತಿದ್ದರು. ಇನ್ನು ಮೇಲೆ ನಾನು ಅವರ ಬೋರ್ಡ್ ಕೆಡಿಸಿದ ಮುದುಕಿ ಆಗುತ್ತೇನೆ.

"ಸಕ್ರೆ ಸಾಕಾ ಅಂತ ಕೇಳ್ದೆ," ಅಂದೆ.

ಸಾಕು ಅಂದರು. ಕುಡಿದು ಲೋಟ ಇಟ್ಟು ಹೋದರು.

ಮುಂದಿನ ವಾರ ಮಕ್ಕಳನ್ನು ಕರೆದು ಬೇರೆ ಕಡೆ ಸೇರಿಕೊಳ್ಳಲು ಹೇಳಿದರು. ಮೇಷ್ಟ್ರಿಗೆ ಪಾಠ ನಿಂತ ಮೇಲೆ ಐದು ಗಂಟೆ ಅನ್ನುವುದು ಏನು ಮಾಡಬೇಕೋ ಗೊತ್ತಾಗದ ಹೊತ್ತಾಯಿತು. ತಾರಸಿಗೆ ಬಂದು ಖಾಲಿ ಬೋರ್ಡಿನ ಮುಂದೆ ಕೂತಿರುತ್ತಿದ್ದರು. ನಾನು ಹಪ್ಪಳ ಮಗುಚುತ್ತಾ ದಿನಾ ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಉಯ್ಯಾಲೆ ತುದಿಯಲ್ಲಿ ನಿಂತ ಹಾಗೆ ನಿಂತುಬಿಟ್ಟಿದ್ದೆ. ಅವರು ಹೇಳಿದ್ದು ನಿಜ, ಅಲ್ಲೇ ಎಳೆತ ಜಾಸ್ತಿ. ಆದರೆ ಉಯ್ಯಾಲೆ ಎಳೆದರೆ ಬರುತ್ತದೆ, ನಾನು ಬರಲಿಲ್ಲ. ಎರಡು ತಿಂಗಳಿಗೆ ಅವರ ಅಣ್ಣನ ಮಗ ಬಂದು ಗದಗಕ್ಕೆ ಕರೆದುಕೊಂಡು ಹೋದ. ಬೋರ್ಡು ಮೆಟ್ಟಿಲಲ್ಲಿ ಇಳಿಯುವುದಿಲ್ಲ, ಇಲ್ಲೇ ಇರಲಿ, ಅಮ್ಮಾರು ಸಂಡಿಗಿ ಒಣಗಸಾಕ ಬರತೈತಿ ಅಂತ ಬಿಟ್ಟು ಹೋದರು.

ಒಂದೂವರೆ ವರ್ಷ ಕಳೆದ ಮೇಲೆ ಧೈರ್ಯ ಬಂತು. ಮೊಮ್ಮಗಳ ಕೈಲಿ ನಂಬರ್ ಒತ್ತಿಸಿ, ಅವಳನ್ನು ಆಚೆ ಕಳಿಸಿ, ಬಾಗಿಲು ಹಾಕಿಕೊಂಡು ಮಾತಾಡಿದೆ. ಫೋನ್ ಎತ್ತಿದ ಅಣ್ಣನ ಮಗ ಮೊದಲೇ ಹೇಳಿ ಮೇಷ್ಟ್ರ ಕೈಗೆ ಕೊಟ್ಟ, ಆರು ತಿಂಗಳಿಂದ ಕಾಕಾರಿಗೆ ಮರೆವು ಜಾಸ್ತಿಯಾಗಿದೆ, ಯಾರೂ ಅಷ್ಟಾಗಿ ನೆನಪಾಗುವುದಿಲ್ಲ ಅಂತ. ನಾನು ಅಬ್ಬಿಗೆರೆಯಿಂದ ಅಂದೆ. ಮೇಷ್ಟ್ರಿಗೆ ಅಬ್ಬಿಗೆರೆ ಸಿಗಲಿಲ್ಲ. ಮನೆ ಓನರಮ್ಮ ಅಂದೆ. ಅದೂ ಸಿಗಲಿಲ್ಲ. ಉಯ್ಯಾಲೆ ಅಂದವಳು ತಿದ್ದಿಕೊಂಡು ಜೋಕಾಲಿ ಅಂದೆ.

"ಓ, ಜೋಕಾಲಿ ಮನಿ," ಅಂದರು. ದನಿಯಲ್ಲಿ ಬೆಳಕು ಬಂತು.

"ಮೇಷ್ಟ್ರೇ, ಆವತ್ತು ಬೋರ್ಡ್ ಮೇಲೆ ಆ ಗೆರೆ ಎಳ್ದಿದ್ದು ನಾನು. ನೀವಲ್ಲ. ನೀವು ಸರಿಯಾಗೇ ಬರ್ದಿದ್ರಿ."

ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು.

"ಯಾವ ಗೆರೀ ರೀ?" ಅಂದರು. ಆಮೇಲೆ, ಎದುರಿಗೆ ಯಾರೋ ಡಸ್ಟರ್ ಹಿಡಿದು ನಿಂತಿದ್ದಾರೆ ಅನ್ನುವ ಹಾಗೆ, ಮೆತ್ತಗೆ, "ಗೆರಿ ತಪ್ಪಿದ್ರ ಅಂಜಬ್ಯಾಡ್ರಿ. ಇಡೀ ಬೋರ್ಡ್ ಒರಸಬ್ಯಾಡ್ರಿ. ತಪ್ಪಿದ್ದಷ್ಟ ಒರಸ್ರಿ," ಅಂದರು.

ಅದಾಗಿ ಕೆಲವು ವರ್ಷ ಕಳೆದು, ಹೋದ ತಿಂಗಳು ಅವರು ತೀರಿಕೊಂಡರು. ಅವರ ಹಳೇ ವಿದ್ಯಾರ್ಥಿಗಳು ಫೋನಿನಲ್ಲಿ ಒಂದು ಗುಂಪು ಮಾಡಿದ್ದಾರೆ, ನನ್ನನ್ನೂ ಸೇರಿಸಿದರು. ಎಲ್ಲರೂ ಒಳ್ಳೊಳ್ಳೆಯ ಮಾತು ಬರೆಯುತ್ತಿದ್ದರು. ನನ್ನ ಬಿಂದಿಗೆಯ ಮಾತೂ ಬಂತು. ಗೊರಗುಂಟೆಪಾಳ್ಯದ ಆ ಹುಡುಗಿ ಈಗ ಸ್ವತಃ ಲೆಕ್ಚರರ್. ಅವಳು ಪ್ರೀತಿಯಿಂದಲೇ ಬರೆದಿದ್ದಳು: ಸರ್ ಒಂದು ದಿನ ಉಯ್ಯಾಲೆಯ ಲೆಕ್ಕದಲ್ಲಿ ಮೈನಸ್ ಬದಲು ಪ್ಲಸ್ ಬರೆದುಬಿಟ್ಟಿದ್ದರು, ನಾವೆಲ್ಲ ನಕ್ಕಿದ್ದೆವು, ಪಾಪ, ಆಗಲೇ ಕಾಯಿಲೆ ಶುರುವಾಗಿತ್ತು ಅಂತ ನಮಗೆ ಗೊತ್ತಿರಲಿಲ್ಲ. ಅದರ ಕೆಳಗೆ ಹತ್ತು ಜನ ಕೈ ಮುಗಿದಿದ್ದರು.

ನಾನು ಮೊಮ್ಮಗಳಿಗೆ ಎಲ್ಲಾ ಹೇಳಿದೆ. ಅವಳು ನನ್ನ ಬೆನ್ನು ಸವರಿ, "ಬಿಡಜ್ಜಿ, ಕಾಯಿಲೆ ಹೆಂಗಿದ್ರೂ ಬರೋದಿತ್ತು, ನಿನ್ನಿಂದ ಅಲ್ಲ," ಅಂದಳು. ಇರಬಹುದು. ಅಷ್ಟು ಸುಲಭಕ್ಕೆ ನಾನು ಒಪ್ಪುವುದಿಲ್ಲ, ಒಪ್ಪದೆ ಇರುವುದಕ್ಕೂ ನನ್ನ ಹತ್ತಿರ ಏನೂ ಇಲ್ಲ. ಮುಂದೆ ಬಂದ ಕಾಯಿಲೆ ಅವರ ಹಣೆಬರಹವೇ ಇರಬಹುದು. ಆದರೆ ಅವರಿಗೆ ಇನ್ನೂ ಪಾಠ ಹೇಳುವ ಒಂದು ವರ್ಷ ಉಳಿದಿತ್ತು. ಆ ವರ್ಷದ ಐದು ಗಂಟೆಗಳನ್ನೆಲ್ಲ ತೆಗೆದವಳು ನಾನು. ಆವತ್ತು ಅವರ ತಲೆ ಸರಿಯಾಗಿತ್ತು. ಕೈಯೂ ಸರಿಯಾಗಿತ್ತು.

ಅದಕ್ಕೇ ಟೈಪ್ ಮಾಡುವುದನ್ನು ಕಲಿತೆ. ಬೇರೆ ಯಾರ ಕೈಲಾದರೂ ಬರೆಸಬಹುದಿತ್ತು, ಈ ಸಲ ನನ್ನ ಕೈಯೇ ಇರಲಿ ಅಂದುಕೊಂಡೆ. ಇದನ್ನು ಆ ಗುಂಪಿಗೂ ಹಾಕುತ್ತೇನೆ. ನೀವು ಬರೆದ ಬೇರೆ ಯಾವ ಮಾತನ್ನೂ ಅಳಿಸಬೇಡಿ ಮಕ್ಕಳೇ, ಎಲ್ಲಾ ನಿಜ. ಇಷ್ಟನ್ನು ಮಾತ್ರ ಒರೆಸಿ. ಆವತ್ತು ಬೋರ್ಡಿನ ಮೇಲೆ ಮೇಷ್ಟ್ರು ಬರೆದದ್ದು ಮೈನಸ್ಸೇ. ಮಲಗಿದ ಗೆರೆ ಅವರದು. ನಿಂತ ಗೆರೆ ನನ್ನದು.